ಬಿಸಿಯಾದಾಗ ಮಾತ್ರ ಸಾಯುವ ಓಬಿಎಂ: ಕಾಯಿಲ್‌ನ ಕಳ್ಳಾಟ ಹಿಡಿದದ್ದು ಹೀಗೆ

ಓಬಿಎಂ ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್. ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಸ್ಟಾರ್ಟ್. ಅರ್ಧ ಮುಕ್ಕಾಲು ಗಂಟೆ ಓಡಿ ಒಮ್ಮೆಲೇ ಬಂದ್. ಮೇಲಿನ ಕವರ್ ತೆಗೆದು ಗಾಳಿಗೆ ಬಿಟ್ಟರೆ ಮತ್ತೆ ಸ್ಟಾರ್ಟ್. ನಮ್ಮ ಉಪ್ಪುಂದ, ಗಂಗೊಳ್ಳಿ ಕಡೆಯ ನಾಡದೋಣಿಯವರಿಗೆ ಈ ಕಾಟ ಗೊತ್ತು. ಜೂನ್, ಜುಲೈನ 61 ದಿನ ದೊಡ್ಡ ಬೋಟ್‌ಗಳಿಗೆ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗೆ ಅದೇ ಸೀಸನ್. ಆಗ ಇಂಜಿನ್ ಕೈಕೊಟ್ಟರೆ ಮುಗಿಯಿತು.

ನನ್ನ ಹತ್ತಿರ ಬರುವ ಹೊತ್ತಿಗೆ ಈ ಇಂಜಿನ್‌ಗೆ ಮಾಲೀಕರು ಹನ್ನೆರಡು ಸಾವಿರದ ಹತ್ತಿರ ಸುರಿದಿದ್ದರು. ಎರಡು ಜೋಡಿ ಪ್ಲಗ್, ಕಾರ್ಬೊರೇಟರ್ ಕಿಟ್, ಕೊನೆಗೆ ಒಂದು ಡೂಪ್ಲಿಕೇಟ್ ಸಿಡಿಐ, ಅಂದರೆ ಪ್ಲಗ್‌ಗೆ ಕಿಡಿ ಕಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಸಿಡಿಐಗೇ ಐದಾರು ಸಾವಿರ. ಎಲ್ಲರೂ ಹೇಳಿದ್ದು ಒಂದೇ, ಸೀಮೆಎಣ್ಣೆಯಲ್ಲಿ ನೀರಿದೆ. ಪೂರ್ತಿ ಪೆಟ್ರೋಲಿನಲ್ಲೇ ಓಡಿಸಿ ನೋಡಿದೆ. ಆಗಲೂ ಸತ್ತಿತು. ಅಲ್ಲಿಗೆ ಸೀಮೆಎಣ್ಣೆ ಮಾತು ಮುಗಿಯಿತು. ಎರಡೂ ಸಿಲಿಂಡರ್ ಒಟ್ಟಿಗೇ ಸಾಯುವಾಗ ಪ್ಲಗ್ ಮೇಲೆ ಯಾಕೆ ದುಡ್ಡು ಹಾಕಬೇಕು?

ಮೊದಲು ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ವಯರ್ ಕಳಚಿದೆ. ಉಪ್ಪು ನೀರು ಕುಳಿತರೆ ಅಲ್ಲೇ ಅರ್ಥ್ ಆಗಿ ಕಿಡಿ ಹೋಗುತ್ತದೆ, ಅರ್ಧ ಕೇಸು ಅಲ್ಲೇ ಸಿಗುತ್ತವೆ. ಇದರಲ್ಲಿ ಸಿಗಲಿಲ್ಲ.

ನಾನು ಚಾರ್ಜ್ ಕಾಯಿಲ್ ಅಂದೆ, ಫ್ಲೈವೀಲ್ ಅಡಿ ಕೂತು ಸಿಡಿಐಗೆ ಕರೆಂಟ್ ಕೊಡುವ ತಾಮ್ರದ ಸುರುಳಿ. ಯಾರೂ ಒಪ್ಪಲಿಲ್ಲ. "ಮೀಟರಿನಲ್ಲಿ ಸರಿ ತೋರಿಸ್ತದಲ್ಲ ಮಾರಾಯ್ರೆ" ಅಂದರು. ತೋರಿಸಿಯೇ ತೋರಿಸುತ್ತದೆ. ಮೀಟರ್ ಒಂಬತ್ತು ವೋಲ್ಟ್ ಬ್ಯಾಟರಿಯಲ್ಲಿ ಓಮ್ಸ್, ಅಂದರೆ ತಂತಿಯ ತಡೆ, ನೋಡುವಾಗ ಕಾಯಿಲ್ ತಣ್ಣಗಿರುತ್ತದೆ. ಫ್ಲೈವೀಲ್ ಅಡಿಯ ಶಾಖದಲ್ಲಿ ನೂರಾರು ವೋಲ್ಟ್ ಕೊಡಬೇಕಾದಾಗ ಒಳಗಿನ ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಓಮ್ಸ್‌ಗೆ ಅದು ಕಾಣುವುದೇ ಇಲ್ಲ.

ಕಾಯಿಲ್ ಬಿಸಿ ಮಾಡುವುದಕ್ಕೇ ತಲೆ ಕೆಡಿಸಿಕೊಂಡೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕುದಿಯುವ ನೀರಿಗೆ ಇಳಿಸಿದರೆ ಹಬೆ ಒಳಗೆ ಹೋಗಿ ಲೆಕ್ಕವೇ ಕೆಡುತ್ತದೆ. ಇಂಜಿನನ್ನೇ ನೀರಿನ ಡ್ರಮ್ಮಿನಲ್ಲಿಟ್ಟು ಓಡಿಸಿದರೆ ಲೋಡ್ ಇಲ್ಲ, ಬೇಕಾದಷ್ಟು ಶಾಖವೂ ಇಲ್ಲ. ಕಡೆಗೆ ಸರಿಹೋದದ್ದು ಮನೆಯ ಹೇರ್ ಡ್ರೈಯರ್. ಫ್ಲೈವೀಲ್‌ನ ಕಿಂಡಿಯಿಂದ ಬಿಸಿ ಗಾಳಿ ಬಿಟ್ಟರೆ ಸುಮಾರು 80 ಡಿಗ್ರಿಗೆ ಬರುತ್ತದೆ.

ಇಲ್ಲೊಂದು ವಿಷಯ. ಬಿಸಿಯಾದ ಕಾಯಿಲ್‌ನ ಓಮ್ಸ್ ಏರಿತು ಅಂತ ಅದನ್ನು ಎಸೆಯಬೇಡಿ. ತಾಮ್ರದ ಓಮ್ಸ್ ಡಿಗ್ರಿಗೆ ನೂರಕ್ಕೆ 0.4ರಷ್ಟು ಏರುತ್ತದೆ. ತಣ್ಣಗಿದ್ದಾಗ 300 ಇದ್ದದ್ದು ಬಿಸಿಗೆ 360 ಆದರೆ ಅದು ಆರೋಗ್ಯವಂತ ಕಾಯಿಲ್. ಒಳ್ಳೆ ಕಾಯಿಲ್‌ಗಳನ್ನು ಹೀಗೇ ಗುಜರಿಗೆ ಹಾಕಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಅಸಲಿ ಪರೀಕ್ಷೆ ಪೀಕ್ ವೋಲ್ಟೇಜ್, ಅಂದರೆ ಎಳೆದಾಗ ಕಾಯಿಲ್ ಕೊಡುವ ಗರಿಷ್ಠ ವೋಲ್ಟ್. ಅದನ್ನು ಮೀಟರಿಗೆ ಹಿಡಿದುಕೊಡುವ ಅಡಾಪ್ಟರ್ ಕೊಳ್ಳಲು ಹೋದರೆ ಸಾವಿರಗಟ್ಟಲೆ. ನಾನು 1ಎನ್4007 ಡಯೋಡ್ ಒಂದು, 1 ಮೈಕ್ರೋಫ್ಯಾರಡ್ 630 ವೋಲ್ಟ್ ಕೆಪಾಸಿಟರ್ ಒಂದು, ಅದಕ್ಕೆ ಅಡ್ಡ ಒಂದು ಮೆಗಾ ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಮಾಡಿಕೊಂಡೆ. ನೂರು ರೂಪಾಯಿಯೂ ಆಗಲಿಲ್ಲ. ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಪ್ಲಗ್ ತೆಗೆದು ವಯರ್‌ಗಳನ್ನು ಅರ್ಥ್ ಮಾಡಿ, ಹಗ್ಗ ಎಳೆದು ನೋಡುವುದು. ಕೆಪಾಸಿಟರ್ ಮುಟ್ಟಬೇಡಿ, ಹೊಡೆತ ಜೋರಿದೆ.

ತಣ್ಣಗೆ ನೂರೈವತ್ತು ವೋಲ್ಟಿನ ಆಸುಪಾಸು ಬಂತು. ಡ್ರೈಯರ್ ಹಿಡಿದು ಹತ್ತು ನಿಮಿಷ ಬಿಟ್ಟು ಎಳೆದಾಗ ಅರವತ್ತು. ಇನ್ನೊಮ್ಮೆ ಎಳೆದರೆ ಐವತ್ತು ಚಿಲ್ಲರೆ. ದಕ್ಕೆಯಲ್ಲಿ ಸುತ್ತ ನಿಂತವರ ಎದುರೇ ಎಳೆದೆ. ಆಮೇಲೆ ಯಾರೂ ಸೀಮೆಎಣ್ಣೆ ಸುದ್ದಿ ಎತ್ತಲಿಲ್ಲ.

ಹೊಸ ಕಾಯಿಲ್‌ಗೆ ನಾಲ್ಕು ಸಾವಿರ ಹೇಳಿದರು, ಅದೂ ಬರಲು ವಾರ. ನಾನೇ ಸುತ್ತಿದೆ. ತಂತಿ, ವಾರ್ನಿಶ್ ಸೇರಿ ಏಳೆಂಟುನೂರು. ಎಷ್ಟು ಸುತ್ತು, ಯಾವ ವಾರ್ನಿಶ್, ಹೇಗೆ ಬೇಯಿಸುವುದು ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಈಗ ಬಿಸಿಗೂ ನೂರನಲವತ್ತು ನಿಲ್ಲುತ್ತದೆ. ಆ ದೋಣಿ ಮಳೆಗಾಲ ಪೂರ್ತಿ ಕಡಲಿಗೆ ಹೋಗಿ ಬಂತು.

ಕಡಲಲ್ಲೇ ಸತ್ತರೆ? ಕವರ್ ತೆಗೆದು ತಣಿಸಿ, ಪ್ಲಗ್ ಗ್ಯಾಪ್ 1 ಮಿ.ಮೀ. ಇದ್ದದ್ದನ್ನು 0.6ಕ್ಕೆ ಇಳಿಸಿ. ಕ್ಷೀಣ ಕಿಡಿಯೂ ಹಾರುತ್ತದೆ, ನಿಧಾನಕ್ಕೆ ದಡ ಸೇರಬಹುದು. ಶಾಖ ಹೋಗಲಿ ಅಂತ ಕವರಿಗೆ ತೂತು ಕೊರೆಯುವವರಿದ್ದಾರೆ. ನನ್ನ ಹಳೆ ಇಂಜಿನ್‌ನಲ್ಲಿ ಅದನ್ನೂ ಪರೀಕ್ಷಿಸಿದೆ. ಎರಡು ವಾರದಲ್ಲಿ ಕನೆಕ್ಟರ್‌ಗಳಿಗೆ ಹಸಿರು ಹಿಡಿಯಿತು, ಬೇಡವೇ ಬೇಡ.

ಈಗ ಕಿಡಿ ಯಾವಾಗ ಹಾರಬೇಕೆಂದು ಸಿಡಿಐಗೆ ಹೇಳುವ ಪಲ್ಸರ್ ಕಾಯಿಲ್‌ಗೂ ಇದೇ ಉಪಾಯ ಹಚ್ಚುತ್ತಿದ್ದೇನೆ. ಅದು ಕೊಡುವುದೇ ಕೆಲವು ವೋಲ್ಟ್. ಡಯೋಡ್ ಅದರಲ್ಲಿ 0.6 ನುಂಗುತ್ತದೆ, ಓದಿದ ಲೆಕ್ಕಕ್ಕೆ ಅಷ್ಟನ್ನು ಸೇರಿಸಿಕೊಳ್ಳಬೇಕು.