ಹುಬ್ಬಳ್ಳಿ-ಧಾರವಾಡದಿಂದ ಜಪಾನಿಗೆ ಇಂಗ್ಲಿಷ್ ಕಲಿಸೋಕೆ ಹೋಗೋರಿಗೆ

ನಾನು ಧಾರವಾಡದವಳು. ಜಪಾನಿನಲ್ಲಿ ಹಿಮ ಬೀಳುವ ಒಂದು ಸಣ್ಣ ಊರಿನ ಶಾಲೆಯಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿ ಬಂದಿದ್ದೇನೆ. ವಾಪಸ್ ಬಂದಾಗಿನಿಂದ ಒಬ್ಬರಲ್ಲ ಒಬ್ಬರು ಫೋನ್ ಮಾಡಿ, "ಅಕ್ಕಾ, ನಾನೂ ಹೋಗಬೇಕಂತೀನಿ, ಏನ್ ಮಾಡ್ಬೇಕ್ರಿ?" ಅಂತ ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು.

ಮೊದಲು ಕಾಗದಪತ್ರ. ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ.

ಜಪಾನ್ ಸರ್ಕಾರದ್ದೇ ಒಂದು ಯೋಜನೆ ಇದೆ, ಜೆಟ್ ಪ್ರೋಗ್ರಾಮ್ ಅಂತ, 1987ರಲ್ಲಿ ಶುರುವಾದದ್ದು. ಡಿಗ್ರಿ ಆಗಿರಬೇಕು. ಅರ್ಜಿ ರಾಯಭಾರ ಕಚೇರಿಯ ಮೂಲಕ, ಅರ್ಜಿಗೆ ದುಡ್ಡು ಕೊಡಬೇಕಾಗಿಲ್ಲ. ಒಪ್ಪಂದ ಒಂದೊಂದೇ ವರ್ಷದ್ದು, ಜಾಸ್ತಿ ಅಂದರೆ 5 ವರ್ಷ. ಭಾರತದಿಂದ ತೆಗೆದುಕೊಳ್ಳೋದು ಬಹಳ ಕಡಿಮೆ ಜನರನ್ನು, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ. ಶಾಲೆಗಳಿಗೆ ಶಿಕ್ಷಕರನ್ನು ಕಳಿಸುವ ಖಾಸಗಿ ಕಂಪನಿಗಳಿವೆ, ಸಂಜೆ ಹೊತ್ತು ನಡೆಯುವ ಇಂಗ್ಲಿಷ್ ಕ್ಲಾಸುಗಳಿವೆ, ಅಲ್ಲೂ ಅರ್ಜಿ ಹಾಕಿ. ಆದರೆ ಕೆಲಸ ಕೊಡಿಸುತ್ತೇನೆ ಅಂತ ಮೊದಲೇ ಲಕ್ಷಗಟ್ಟಲೆ ಕೇಳುವವನು ಸಿಕ್ಕರೆ ಎದ್ದು ಬಂದುಬಿಡಿ. ನನಗೆ ಗೊತ್ತಿರೋ ಹುಡುಗನೊಬ್ಬ ಹಾಗೆ ಒಂದೂವರೆ ಲಕ್ಷ ಕಳೆದುಕೊಂಡು, ಅದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಇನ್ನು ನಮ್ಮಂಥವರಿಗೆ ನಿಜವಾದ ಗಂಟು ಇರೋದು ಇಲ್ಲಿ. ಶಾಲೆಯಲ್ಲಿ ಕಲಿಸುವ ವೀಸಾಕ್ಕೆ, ನೀವು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದಕ್ಕೆ ದಾಖಲೆ ಕೇಳುತ್ತಾರೆ. ನಾನು ಏಳನೇ ತರಗತಿವರೆಗೆ ಕನ್ನಡ ಶಾಲೆ. ಒಂದು ಭಾನುವಾರ ಅಡುಗೆಮನೆಯಲ್ಲಿ ಕೂತು ಬೆರಳು ಮಡಚಿ ಎಣಿಸಿದೆ. ಎಂಟರಿಂದ ಹತ್ತು ಅಂದರೆ 3, ಪಿಯುಸಿ 2, ಡಿಗ್ರಿ 3, ಎಂಎ 2, ಬಿಎಡ್ 2. ಕೂಡಿಸಿದರೆ ಸರಿಯಾಗಿ 12, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆಮೇಲೆ ಓದಿದ ಒಂದೊಂದು ಕಡೆಗೂ ಹೋಗಿ, ಲೆಟರ್‌ಹೆಡ್ ಮೇಲೆ "ಬೋಧನಾ ಮಾಧ್ಯಮ ಇಂಗ್ಲಿಷ್" ಅಂತ ಬರೆಸಿ, ಸಹಿ ಸೀಲು ಹಾಕಿಸಿಕೊಂಡು ಬರೋಕೆ ಎರಡು ತಿಂಗಳು ಹಿಡಿಯಿತು. ಒಂದು ಕಡೆ ಕ್ಲಾರ್ಕ್ ರಜೆ, ಇನ್ನೊಂದು ಕಡೆ ಸೀಲಿನ ಇಂಕೇ ಒಣಗಿತ್ತು. ಇದನ್ನು ಈಗಲೇ ಶುರು ಮಾಡಿ, ಕೆಲಸ ಸಿಕ್ಕ ಮೇಲೆ ನೋಡೋಣ ಅನ್ನಬೇಡಿ.

ಕೆಲಸ ಸಿಕ್ಕರೆ ಮುಂದಿನದು ಸಲೀಸು. ಕೆಲಸ ಕೊಟ್ಟವರೇ ಅಲ್ಲಿ ಅರ್ಹತಾ ಪತ್ರ ಮಾಡಿಸಿ ಕಳಿಸುತ್ತಾರೆ, ಅದಕ್ಕೆ ಮೂರೇ ತಿಂಗಳು ಆಯಸ್ಸು, ಅಷ್ಟರೊಳಗೆ ವೀಸಾ ಮಾಡಿಸಿ ಹೋಗಿ ಇಳಿಯಬೇಕು. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ವಾಸದ ಕಾರ್ಡ್ ಕೈಗೆ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ಊರಿನ ನಗರಸಭೆಯಲ್ಲಿ ವಿಳಾಸ ಬರೆಸಬೇಕು. ಬಾಡಿಗೆ ಮನೆಗೆ ಅಡ್ವಾನ್ಸ್ ಜೊತೆ "ರೇಕಿನ್" ಅಂತಲೂ ಕೇಳಬಹುದು, ಅದು ಮನೆ ಮಾಲೀಕರಿಗೆ ಕೊಡುವ ಕಾಣಿಕೆ, ವಾಪಸ್ ಬರೋ ದುಡ್ಡಲ್ಲ. ನೆಗಡಿ ಮಾತ್ರೆ ಕಂಡ ಹಾಗೆ ತುಂಬಿಕೊಂಡು ಹೋಗಬೇಡಿ. ಅದರಲ್ಲಿ ಸ್ಯೂಡೋಎಫೆಡ್ರಿನ್ ಅನ್ನೋ ಔಷಧ ಶೇ 10ಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಕಾನೂನು ಪ್ರಕಾರ ನಿಷೇಧ.

ಭಾಷೆ ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ. ನನ್ನ ಮಾತು ಕೇಳಿ, ಕನ್ನಡ ಬಲ್ಲವರಿಗೆ ಜಪಾನಿ ಭಾಷೆಯ ವಾಕ್ಯ ತಲೆಗೆ ಹತ್ತುವಷ್ಟು ಬೇಗ ಇಂಗ್ಲಿಷಿನವರಿಗೆ ಹತ್ತಲ್ಲ. ಅವರ ಅಕ್ಷರಮಾಲೆ ಅ ಇ ಉ ಎ ಒ ಅಂತ ಶುರುವಾಗಿ ಕ ಸ ತ ನ ಅಂತ ಸಾಗುತ್ತದೆ, ಆ ಕ್ರಮ ಬೌದ್ಧರ ಜೊತೆ ನಮ್ಮ ಕಡೆಯಿಂದಲೇ ಹೋದದ್ದು. "ತಾಬೇತೆ" ಅಂದರೆ ತಿಂದು, "ಮಿರು" ಅಂದರೆ ನೋಡು. "ತಾಬೇತೆ ಮಿರು" ಅಂದರೆ ಏನು? ತಿಂದು ನೋಡೋದು! ಕಣ್ಣಿನಿಂದ ನೋಡೋದಲ್ಲ, ನಾವು ಹೇಳೋ ಅರ್ಥದಲ್ಲೇ. "ಕಾಯಿತೆ ಒಕು" ಅಂದರೆ ಬರೆದಿಡೋದು. "ಇಕು ತೊ ಇಇಮಾಶಿತಾ", ಹೋಗ್ತೀನಿ ಅಂತ ಹೇಳಿದರು. ಆ "ತೊ" ನಮ್ಮ "ಅಂತ". ಇಂಗ್ಲಿಷಿನಲ್ಲಿ ಬರೆದ ವ್ಯಾಕರಣದ ಪುಸ್ತಕ ಇದನ್ನೆಲ್ಲ ಪುಟಗಟ್ಟಲೆ ವಿವರಿಸುತ್ತದೆ, ನೀವು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ಒಂದೇ ಸಾಲು. ಮಾತಿನ ಕೊನೆಗೆ ಬರುವ "ದೆಸು, ಮಾಸು" ನಮ್ಮ "ರೀ" ಇದ್ದ ಹಾಗೆ, ದೊಡ್ಡವರ ಮುಂದೆ ಬಿಟ್ಟರೆ ಒರಟಾಗಿ ಕೇಳುತ್ತದೆ. ಬೇರೆಯವರ ಹೆಸರಿನ ಕೊನೆಗೆ "ಸಾನ್" ಸೇರಿಸಿ, ಆದರೆ ನಿಮ್ಮ ಹೆಸರಿಗೇ ಸೇರಿಸಿಕೊಳ್ಳಬೇಡಿ, "ನಾನು ಸುಮಾ ಅವರು" ಅಂದಹಾಗಾಗುತ್ತದೆ. ಕಷ್ಟ ಇರೋದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ, ಅದಕ್ಕೆ ದಿನಾ ಕೂತು ಬರೆಯೋದು ಬಿಟ್ಟು ಬೇರೆ ದಾರಿ ಇಲ್ಲ. ಜಪಾನಿ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ, ನಮಗೆ ಬೆಂಗಳೂರೋ ಪುಣೆಯೋ, ಎರಡಕ್ಕೂ ರಾತ್ರಿ ರೈಲು ಹತ್ತಿದರಾಯಿತು.

ಈಗ ಊಟ. "ನಾನು ವೆಜಿಟೇರಿಯನ್" ಅಂದರೆ ಅವರು ಪಾಪ ತಲೆಯಾಡಿಸಿ, ಸಾರಿನಿಂದ ಮೀನಿನ ತುಂಡು ತೆಗೆದು ಕೊಡುತ್ತಾರೆ. ಒಣಗಿಸಿದ ಮೀನಿನಿಂದ ತೆಗೆದ "ದಾಶಿ" ಅನ್ನೋ ರಸ ಮಿಸೋ ಸೂಪಿನಲ್ಲಿ, ನೂಡಲ್ಸಿನಲ್ಲಿ, ಬೇಯಿಸಿದ ಕುಂಬಳಕಾಯಿಯಲ್ಲೂ ಇರುತ್ತದೆ. ಹಾಗಾಗಿ "ನಿಕು ತೊ ಸಕಾನಾ ವಾ ತಾಬೇರಾರೇಮಾಸೆನ್", ಅಂದರೆ ಮಾಂಸ ಮೀನು ತಿನ್ನೋಕಾಗಲ್ಲ ಅಂತ ಹೇಳಿ, ಜೊತೆಗೆ ದಾಶಿಯೂ ಬೇಡ ಅಂತ ಬಿಡಿಸಿ ಹೇಳಿ. ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳೇ ಬಿಳಿ ಏಪ್ರನ್ ಹಾಕಿಕೊಂಡು ಎಲ್ಲರಿಗೂ ಬಡಿಸುತ್ತಾರೆ, ಶಿಕ್ಷಕರೂ ಅಲ್ಲೇ ತರಗತಿಯಲ್ಲಿ ಕೂತು ಅದನ್ನೇ ಉಣ್ಣಬೇಕು. ಹೋಗುವ ಮೊದಲೇ ಪತ್ರ ಬರೆದು ಡಬ್ಬಿ ತರೋಕೆ ಒಪ್ಪಿಗೆ ಪಡೆಯಿರಿ. ನಾನು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಒಯ್ದಿದ್ದೆ. ರೊಟ್ಟಿ ಮುರಿದಾಗ ಬಂದ ಸಪ್ಪಳಕ್ಕೆ ಇಡೀ ತರಗತಿ ತಿರುಗಿ ನೋಡಿತು. ಮೊದಲ ಬೆಂಚಿನ ಹುಡುಗ, ಇದು ತಿನ್ನೋ ವಸ್ತುವಾ ಅಂತ ಕೇಳಿದ. ಅವನಿಗೊಂದು ತುಂಡು ಕೊಡಬೇಕು ಅಂತ ಕೈ ಎತ್ತಿದೆ, ಪಕ್ಕದ ಶಿಕ್ಷಕಿ ಮೆಲ್ಲಗೆ ತಡೆದರು. ಅಲರ್ಜಿ ಭಯಕ್ಕೆ ಮಕ್ಕಳಿಗೆ ಹೊರಗಿನ ತಿಂಡಿ ಕೊಡೋ ಹಾಗಿಲ್ಲವಂತೆ. ಇದು ನೆನಪಿರಲಿ.

ತರಗತಿಯಲ್ಲಿ ನೀವೊಬ್ಬರೇ ಇರಲ್ಲ, ಅಲ್ಲಿನ ಇಂಗ್ಲಿಷ್ ಶಿಕ್ಷಕರ ಜೊತೆ ಸೇರಿ ಪಾಠ ಮಾಡೋದು. "ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮಲ್ಲಿ ಇಡೀ ತರಗತಿ "ಹೂನ್ರೀ" ಅಂತ ಕೂಗುತ್ತದೆ, ಅಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ನಾನು ಮೊದಲ ತಿಂಗಳು ಇದನ್ನು ಸೋಲು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎಲ್ಲರ ಮುಂದೆ ತಪ್ಪು ಹೇಳೋದಕ್ಕೆ ಅವರಿಗೆ ಸಂಕೋಚ. ಪ್ರಶ್ನೆ ಕೇಳಿ, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಿ ಅನ್ನಿ, ಆಮೇಲೆ ಉತ್ತರ ಬರುತ್ತದೆ. ಉಚ್ಚಾರಣೆಯಲ್ಲಿ ಅವರನ್ನು ನೋಡಿ ನಗೋಕೆ ನಮಗಂತೂ ಹಕ್ಕಿಲ್ಲ. ಅವರು ಬಸ್‌ಗೆ "ಬಸು" ಅಂತಾರೆ, ನಾವು "ಬಸ್ಸು" ಅಂತೀವಿ. ಕೊನೆಯ ವ್ಯಂಜನಕ್ಕೆ ಉಕಾರ ಅಂಟಿಸೋ ಚಟ ಇಬ್ಬರಿಗೂ ಇದೆ. ನಾನು ಬೋರ್ಡಿನ ಮೇಲೆ ಬಸ್ಸು, ಕಾರು, ಬಲ್ಬು ಅಂತ ಬರೆದು ಓದಿ ತೋರಿಸಿದ ದಿನ ಮಕ್ಕಳು ಮೊದಲ ಸಲ ಜೋರಾಗಿ ನಕ್ಕರು.

ಕೊನೆಗೆ, ಜಪಾನನ್ನು ಇಷ್ಟಪಡೋ ರೀತಿ. ಅಲ್ಲಿ ಸಿಕ್ಕ ವಿದೇಶಿ ಶಿಕ್ಷಕರಲ್ಲಿ ಹಲವರು ಮೊದಲ ಮೂರು ತಿಂಗಳು ಎಲ್ಲಕ್ಕೂ ಕೈ ಮುಗಿಯುತ್ತಾರೆ, ಚಳಿಗಾಲ ಬಂದ ಮೇಲೆ ಎಲ್ಲಕ್ಕೂ ಗೊಣಗುತ್ತಾರೆ. ಮಕ್ಕಳು ಶಾಲೆಯ ನೆಲ ಒರೆಸೋದನ್ನು ವಿಡಿಯೋ ಮಾಡಿ ಅದ್ಭುತ ಅಂತ ಹಾಕುವವರನ್ನು ಕಂಡು ನನಗೆ ನಗು ಬರುತ್ತಿತ್ತು, ನಮ್ಮ ಕನ್ನಡ ಶಾಲೆಯಲ್ಲಿ ನಾವೂ ಪಾಳಿ ಹಚ್ಚಿಕೊಂಡು ಕಸ ಹೊಡೆದವರೇ ತಾನೆ. ಎಲ್ಲವನ್ನೂ ಮೆಚ್ಚೋಕೆ ಹೋಗಬೇಡಿ, ಒಂದನ್ನು ಹಿಡಿದು ಕಲಿಯಿರಿ. ಶಾಲೆ ಬಿಟ್ಟ ಮೇಲೆ ಮಕ್ಕಳ ಕ್ಲಬ್ಬುಗಳು ನಡೆಯುತ್ತವೆ, ಕೇಳಿದರೆ ಸೇರಿಸಿಕೊಳ್ಳುತ್ತಾರೆ. ನಾನು ಕುಂಚದ ಬರವಣಿಗೆಗೆ ಸೇರಿದೆ. ಮೊದಲ ದಿನ ಪೂರ್ತಿ ಒಂದೇ ಒಂದು ಅಡ್ಡಗೆರೆ, ಅಂದರೆ "ಒಂದು" ಅನ್ನೋ ಅಕ್ಷರ. ಗೆರೆಯ ಕೊನೆಯಲ್ಲಿ ಕುಂಚ ಒತ್ತಿ ನಿಲ್ಲಿಸಬೇಕು, ಸುಮ್ನೆ ಎತ್ತಿಬಿಟ್ಟರೆ ಹದಿಮೂರು ವರ್ಷದ ಹುಡುಗಿ ಬಂದು ಕೆಂಪು ಮಸಿಯಲ್ಲಿ ತಿದ್ದುತ್ತಿದ್ದಳು.

ಉಡುಗೊರೆಗೆ ಧಾರವಾಡ ಪೇಡಾ ನೆಚ್ಚಬೇಡಿ, ಬೆಂಗಳೂರು ಮುಟ್ಟುವಷ್ಟರಲ್ಲೇ ಡಬ್ಬಿ ಖಾಲಿಯಾಗಿರುತ್ತದೆ. ಕಸೂತಿ ಹಾಕಿದ ಸಣ್ಣ ಬುಕ್‌ಮಾರ್ಕ್ ಒಯ್ಯಿರಿ, ಸ್ಟಾಫ್ ರೂಮಿನಲ್ಲಿ ಎಷ್ಟು ಜನ ಇದ್ದಾರೋ ಅಷ್ಟು, ಅಡುಗೆಯವರಿಗೂ ಸೇರಿಸಿ. ಗವಂತಿ ಹೊಲಿಗೆಯದ್ದೇ ಆರಿಸಿ, ಎರಡೂ ಬದಿ ಒಂದೇ ಥರ ಕಾಣುತ್ತದೆ. ನಮ್ಮ ಉಪಪ್ರಾಂಶುಪಾಲರು ಕನ್ನಡಕ ಹಣೆಗೇರಿಸಿ, ಗಂಟು ಎಲ್ಲಿ ಹಾಕಿದ್ದಾರೆ ಅಂತ ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿದ್ದರು.