ಬೇಸಿಗೆ ಕಡಲಿನ ಮುನ್ನೋಟ: ಅಲೆ, ಗಾಳಿ, ಉಬ್ಬರ ನೋಡಿ ಬರೆಯುವುದು ಹೇಗೆ?

ಮಾರ್ಚ್‌ನಿಂದ ಮೇ ಮಧ್ಯದವರೆಗೆ ಕರ್ನಾಟಕದ ಕರಾವಳಿಯಲ್ಲಿ ಕಡಲು ಹೆಚ್ಚಾಗಿ ಶಾಂತವಾಗಿರುತ್ತದೆ. ಮುಂಗಾರಿನಲ್ಲಿ ಮೂರು ಮೀಟರ್ ಮುಟ್ಟುವ ಅಲೆಗಳು ಈ ತಿಂಗಳುಗಳಲ್ಲಿ ಬಹುತೇಕ ದಿನ ಒಂದು ಮೀಟರಿನೊಳಗೇ ಉಳಿಯುತ್ತವೆ. ಸಸಿಹಿತ್ಲು, ಮೂಲ್ಕಿ, ತಣ್ಣೀರುಬಾವಿ, ಕಾಪು, ಮಲ್ಪೆಯ ಕಿನಾರೆಗಳಲ್ಲಿ ಸರ್ಫಿಂಗ್ ಕಲಿಯುವವರಿಗೂ ರಜೆಗೆಂದು ಮಕ್ಕಳನ್ನು ಕರೆತರುವವರಿಗೂ ಇದು ಅನುಕೂಲದ ಕಾಲ. ಆದರೆ ಇದೇ ಕಾಲದಲ್ಲಿ, ಗಾಳಿಯಿಲ್ಲದ ಬಿಸಿಲಿನ ದಿನವೂ ಕಡಲು ಇದ್ದಕ್ಕಿದ್ದಂತೆ ಉಕ್ಕುವುದುಂಟು. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕಡಲು ಉಕ್ಕಲಿದೆ ಎಂಬ ಎಚ್ಚರಿಕೆ ಆಗ ಜಾರಿಯಲ್ಲಿತ್ತು. ಎಚ್ಚರಿಕೆ ಹೊರಬಿದ್ದರೆ ಸಾಲದು, ಕಡಲಿಗೆ ಇಳಿಯುವವರಿಗೆ ಅದನ್ನು ಅರ್ಥ ಮಾಡಿಕೊಳ್ಳಲು ಬರಬೇಕು. ಆದ್ದರಿಂದ ನಮ್ಮೂರ ಕಿನಾರೆಗೆ ಮೂರು ದಿನಗಳ ಮುನ್ನೋಟವನ್ನು ನಾವೇ ಬರೆದುಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಉದಾಹರಣೆಗೆ ಸಸಿಹಿತ್ಲುವನ್ನು ಆರಿಸಿಕೊಂಡಿದ್ದೇನೆ. ಉಳಿದ ಕಿನಾರೆಗಳಿಗೂ ಕ್ರಮ ಇದೇ.

ಮೊದಲ ಹಂತ: ಮಾಹಿತಿಯನ್ನು ಮೂಲದಿಂದಲೇ ತೆಗೆದುಕೊಳ್ಳಿ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅಲೆಯ ಎತ್ತರ, ದಿಕ್ಕು, ಅವಧಿ, ಗಾಳಿ ಮತ್ತು ಪ್ರವಾಹಗಳ ಮುನ್ಸೂಚನೆಯನ್ನು ಕರಾವಳಿ ಭಾಗಗಳಿಗೆ ಅನುಗುಣವಾಗಿ ಪ್ರತಿದಿನ ಉಚಿತವಾಗಿ ಕೊಡುತ್ತದೆ. ಮಳೆ, ಸಿಡಿಲು, ಉಷ್ಣಾಂಶಗಳಿಗೆ ಭಾರತೀಯ ಹವಾಮಾನ ಇಲಾಖೆಯನ್ನು ನೋಡಬೇಕು. ಖಾಸಗಿ ಸರ್ಫಿಂಗ್ ಆ್ಯಪ್‌ಗಳ ಚಿತ್ರಗಳು ಚಂದವಾಗಿರುತ್ತವೆ, ಗಂಟೆಗಂಟೆಯ ವಿವರವೂ ಸಿಗುತ್ತದೆ. ಅವುಗಳನ್ನು ನೋಡುವುದರಲ್ಲಿ ತಪ್ಪಿಲ್ಲ. ಆದರೆ ಎಚ್ಚರಿಕೆಯ ವಿಷಯದಲ್ಲಿ ಸರ್ಕಾರಿ ಪ್ರಕಟಣೆಯೇ ಕೊನೆಯ ಮಾತಾಗಿರಬೇಕು.

ಎರಡನೆಯ ಹಂತ: ಎತ್ತರಕ್ಕಿಂತ ಮೊದಲು ಅವಧಿಯನ್ನು ನೋಡಿ

ಈ ಲೇಖನದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಿರಲಿ ಎಂದು ನನ್ನ ಆಸೆ. ಮುನ್ಸೂಚನೆ ತೆರೆದ ಕೂಡಲೇ ನಮ್ಮ ಕಣ್ಣು ಅಲೆಯ ಎತ್ತರದ ಮೇಲೆ ಬೀಳುತ್ತದೆ. ಅಲ್ಲಿ 0.8 ಮೀಟರ್ ಎಂದಿದ್ದರೆ ಸೊಂಟದ ಮಟ್ಟದ ಅಲೆ, ಭಯವಿಲ್ಲ ಎಂದುಕೊಳ್ಳುತ್ತೇವೆ. ಆದರೆ ಅದರ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಇನ್ನೊಂದು ಅಂಕಿ ಇರುತ್ತದೆ. ಒಂದು ಅಲೆಯ ನೆತ್ತಿ ಹಾದುಹೋದ ಮೇಲೆ ಮುಂದಿನ ಅಲೆಯ ನೆತ್ತಿ ಅದೇ ಜಾಗಕ್ಕೆ ಬರಲು ಹಿಡಿಯುವ ಸಮಯವೇ ಆ ಅಲೆಯ ಅವಧಿ.

ಎರಡು ದಿನಗಳನ್ನು ಹೋಲಿಸಿ ನೋಡೋಣ. ಎರಡೂ ದಿನ ಎತ್ತರ 0.8 ಮೀಟರ್, ಒಂದು ದಿನದ ಅವಧಿ 7 ಸೆಕೆಂಡು, ಇನ್ನೊಂದು ದಿನದ್ದು 16 ಸೆಕೆಂಡು. ಆಳ ಕಡಲಿನಲ್ಲಿ ಅಲೆಯ ಉದ್ದವನ್ನು ತಿಳಿಯಲು ಅವಧಿಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿದರೆ ಸಾಕು, ಉತ್ತರ ಮೀಟರುಗಳಲ್ಲಿ ಸಿಗುತ್ತದೆ. ಮೊದಲ ದಿನದ ಅಲೆಗೆ ಸುಮಾರು 76 ಮೀಟರ್ ಉದ್ದವಿದ್ದರೆ ಎರಡನೆಯ ದಿನದ ಅಲೆಗೆ ಸುಮಾರು 400 ಮೀಟರ್ ಉದ್ದವಿರುತ್ತದೆ. ಅಲೆಯೊಂದು ತನ್ನ ಉದ್ದದ ಅರ್ಧದಷ್ಟು ಆಳದಲ್ಲೇ ತಳವನ್ನು ತಾಕತೊಡಗುತ್ತದೆ. ಆದ್ದರಿಂದ 7 ಸೆಕೆಂಡಿನ ಅಲೆಗೆ 38 ಮೀಟರ್ ಆಳದವರೆಗೆ ತಳದ ಪರಿವೆಯೇ ಇರದು. 16 ಸೆಕೆಂಡಿನ ಅಲೆ 200 ಮೀಟರ್ ಆಳದಿಂದಲೇ ತಳವನ್ನು ಉಜ್ಜುತ್ತ, ದಡ ಹತ್ತಿರವಾದಂತೆ ವೇಗ ಕಳೆದುಕೊಂಡು, ಆ ಶಕ್ತಿಯನ್ನೆಲ್ಲ ಎತ್ತರಕ್ಕೆ ತಿರುಗಿಸಿಕೊಂಡು ಏಳುತ್ತದೆ. ಅಲೆ ನೇರವಾಗಿ ದಡಕ್ಕೆ ಬಂದರೆ ಮೊದಲನೆಯದು ಒಡೆಯುವಾಗ ಸುಮಾರು 1.1 ಮೀಟರ್ ಇದ್ದೀತು, ಎರಡನೆಯದು ಒಂದೂವರೆ ಮೀಟರ್ ಮುಟ್ಟೀತು. ಒಡೆದ ಮೇಲೆ ಅದು ಹೊತ್ತು ತರುವ ನೀರೂ ಹೆಚ್ಚು, ಮರಳಿನ ಮೇಲೆ ಏರಿ ಬರುವ ದೂರವೂ ಹೆಚ್ಚು. ಶಾಂತವಾಗಿ ಕಾಣುವ ಬೇಸಿಗೆಯ ದಿನ ದಡದಲ್ಲಿ ನಿಂತವರ ಕಾಲು ಕೀಳುವುದು ಇಂಥ ಅಲೆಯೇ.

ಇನ್ನೊಂದು ಅಂಶ. ಮುನ್ಸೂಚನೆಯಲ್ಲಿ ಕೊಡುವ ಎತ್ತರವು ಅತಿ ದೊಡ್ಡ ಅಲೆಯದ್ದಲ್ಲ. ಎಲ್ಲ ಅಲೆಗಳಲ್ಲಿ ಎತ್ತರವಾದ ಮೂರನೆಯ ಒಂದು ಭಾಗವನ್ನು ಆರಿಸಿ ತೆಗೆದ ಸರಾಸರಿ ಅದು. ಕೆಲವು ಗಂಟೆಗಳ ಅವಧಿಯಲ್ಲಿ ಅದರ ಎರಡರಷ್ಟು ಎತ್ತರದ ಒಂದೆರಡು ಅಲೆಗಳು ಬರುವುದು ಅಸಹಜವೇನಲ್ಲ.

ಮೂರನೆಯ ಹಂತ: ಅಲೆ ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ

ಬೇಸಿಗೆಯಲ್ಲಿ ನಮ್ಮ ಕಿನಾರೆಗೆ ಮುಖ್ಯವಾಗಿ ಎರಡು ಬಗೆಯ ಅಲೆಗಳು ಬರುತ್ತವೆ. ಹತ್ತಿರದ ಗಾಳಿ ಎಬ್ಬಿಸುವ ಗಿಡ್ಡ ಅಲೆಗಳು ಪಡುವಣ ಹಾಗೂ ವಾಯವ್ಯದಿಂದ ಬರುತ್ತವೆ. ಇವುಗಳ ಅವಧಿ ನಾಲ್ಕರಿಂದ ಏಳು ಸೆಕೆಂಡು. ದೂರದ ಅಲೆಗಳು, ಅಂದರೆ ಸರ್ಫಿಂಗ್ ಮಾಡುವವರು ಸ್ವೆಲ್ ಎಂದು ಕರೆಯುವ ಅಲೆಗಳು, ನೈಋತ್ಯ ಮತ್ತು ದಕ್ಷಿಣ ದಿಕ್ಕಿನಿಂದ ಬರುತ್ತವೆ. ಇವು ಹುಟ್ಟುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, 40ರಿಂದ 60 ಡಿಗ್ರಿ ದಕ್ಷಿಣ ಅಕ್ಷಾಂಶಗಳ ನಡುವೆ ಬೀಸುವ ಬಿರುಗಾಳಿಗಳಿಂದ. 45 ಡಿಗ್ರಿ ದಕ್ಷಿಣದಲ್ಲಿ ಹುಟ್ಟಿದ ಅಲೆ ಸಸಿಹಿತ್ಲು ತಲುಪಲು ಸುಮಾರು ಆರೂವರೆ ಸಾವಿರ ಕಿಲೋಮೀಟರ್ ಸಾಗಬೇಕು.

ಇಲ್ಲಿಯೇ ಮುನ್ನೋಟ ಬರೆಯುವವರಿಗೆ ದೊಡ್ಡ ಅನುಕೂಲವೊಂದಿದೆ. ಅವಧಿ ಹೆಚ್ಚಿದಷ್ಟೂ ಅಲೆಯ ವೇಗ ಹೆಚ್ಚು. 18 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಸುಮಾರು 1,200 ಕಿ.ಮೀ. ಸಾಗಿ ಐದೂಕಾಲು ದಿನಗಳಲ್ಲಿ ಇಲ್ಲಿಗೆ ಬರುತ್ತದೆ. 14 ಸೆಕೆಂಡಿನ ಗುಂಪಿಗೆ ಹೆಚ್ಚುಕಡಿಮೆ ಏಳು ದಿನ ಬೇಕು. ಒಂದೇ ಬಿರುಗಾಳಿಯಲ್ಲಿ ಹುಟ್ಟಿದ್ದರೂ ಉದ್ದದ ಅಲೆಗಳು ಮುಂದಾಗಿ ಬಂದು, ಗಿಡ್ಡವು ಹಿಂದೆ ಬರುತ್ತವೆ. ಹಾಗಾಗಿ ಕೋಷ್ಟಕದಲ್ಲಿ ಎತ್ತರ ಇನ್ನೂ 0.3 ಮೀಟರ್ ಇರುವಾಗಲೇ ಅವಧಿ ಎಂಟು ಸೆಕೆಂಡಿನಿಂದ ಹದಿನೆಂಟಕ್ಕೆ ಜಿಗಿದಿದ್ದರೆ ದೊಡ್ಡ ಸ್ವೆಲ್‌ನ ಮುಂಭಾಗ ತಲುಪಿದೆ ಎಂದೇ ತಿಳಿಯಬೇಕು. ಅದರ ಭರ್ತಿ ಬಲ ಮುಂದಿನ ಒಂದೆರಡು ದಿನಗಳಲ್ಲಿ ಬರುತ್ತದೆ. ಕೇರಳದ ಮೀನುಗಾರರು ಕಳ್ಳಕ್ಕಡಲ್ ಎಂದು ಕರೆಯುವ ಉಕ್ಕುವಿಕೆಗೂ ಮೂಲ ಇದೇ. ಕೇರಳ ಮತ್ತು ತಮಿಳುನಾಡಿನ ದಕ್ಷಿಣ ಭಾಗಕ್ಕೆ ಅದರ ಹೊಡೆತ ಹೆಚ್ಚಾದರೂ ನಮ್ಮ ಕರಾವಳಿ ಅದರಿಂದ ಪೂರ್ತಿ ಹೊರತಲ್ಲ.

ದಿಕ್ಕನ್ನು ಓದುವಾಗ ಎರಡು ಮಾತು ಗಮನದಲ್ಲಿರಲಿ. ಅಲೆಗೂ ಗಾಳಿಗೂ ಹೇಳುವ ದಿಕ್ಕು ಅದು ಬರುವ ಕಡೆಯದ್ದು, ಹೋಗುವ ಕಡೆಯದ್ದಲ್ಲ. ನಮ್ಮ ದಡ ಪಶ್ಚಿಮ–ನೈಋತ್ಯಕ್ಕೆ ಮುಖ ಮಾಡಿರುವುದರಿಂದ ನೈಋತ್ಯದ ಅಲೆ ಹೆಚ್ಚು ನೇರವಾಗಿ ಬಡಿಯುತ್ತದೆ. ತೀರ ದಕ್ಷಿಣದಿಂದ ಬಂದದ್ದು ಓರೆಯಾಗಿ ಬಾಗುತ್ತ ಬಂದು ಬಲ ಕಳೆದುಕೊಳ್ಳುತ್ತದೆ. ಇನ್ನು, ಕೆಲವು ಆ್ಯಪ್‌ಗಳು ಎರಡೂ ಬಗೆಯ ಅಲೆಗಳನ್ನು ಸೇರಿಸಿ ಒಂದೇ ಅಂಕಿ ಕೊಡುತ್ತವೆ. ಸ್ವೆಲ್ 0.8, ಗಾಳಿಯ ಅಲೆ 0.6 ಇದ್ದರೆ ಒಟ್ಟು 1.4 ಆಗುವುದಿಲ್ಲ, 1 ಮೀಟರ್ ಆಗುತ್ತದೆ. ಬರಿಯ ಗಾಳಿಯ ಅಲೆಯ 1 ಮೀಟರೂ ಈ 1 ಮೀಟರೂ ದಡದಲ್ಲಿ ಬೇರೆ ಬೇರೆ ರೀತಿ ವರ್ತಿಸುವುದರಿಂದ, ಎರಡನ್ನೂ ಬಿಡಿಸಿ ತೋರಿಸುವ ಕೋಷ್ಟಕವನ್ನೇ ಆರಿಸಿಕೊಳ್ಳಿ.

ನಾಲ್ಕನೆಯ ಹಂತ: ಗಾಳಿಯ ದಿನಚರಿಯನ್ನು ಸೇರಿಸಿ

ಬೇಸಿಗೆಯಲ್ಲಿ ಗಾಳಿಗೆ ಸಾಕಷ್ಟು ನಿಯಮಿತವಾದ ದಿನಚರಿ ಇದೆ. ರಾತ್ರಿ ತಣಿದ ನೆಲದಿಂದ ಕಡಲಿನ ಕಡೆಗೆ ಬೀಸುವ ಮೂಡಣ ಗಾಳಿ ಬೆಳಗಿನ ಹೊತ್ತು ಮೆಲ್ಲಗೆ ಇರುತ್ತದೆ. ಅಲೆಯ ಎದುರಿಗೆ ಬೀಸುವ ಆ ಗಾಳಿಯಲ್ಲಿ ಅಲೆಯ ಮುಖ ನಯವಾಗಿ ನಿಂತು ಒಡೆಯುತ್ತದೆ. ಹತ್ತು ಹನ್ನೊಂದು ಗಂಟೆಗೆ ನೆಲ ಕಾದು ಗಾಳಿ ದಿಕ್ಕು ಬದಲಿಸುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಪಡುವಣ–ವಾಯವ್ಯ ಗಾಳಿ ಜೋರಾಗಿ, ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಏಳುತ್ತದೆ. ಗಾಳಿಯ ವೇಗ ಗಂಟೆಗೆ 20 ಕಿ.ಮೀ. ದಾಟಿದಾಗ ಈ ನೊರೆ ಎಲ್ಲೆಡೆ ಕಾಣುತ್ತದೆ. ಕಲಿಯುವವರಿಗೆ ಬೆಳಗಿನ ಆರರಿಂದ ಒಂಬತ್ತರವರೆಗಿನ ಸಮಯವೇ ಒಳ್ಳೆಯದು ಎಂಬ ಸಲಹೆಗೆ ಇದೇ ಕಾರಣ. ದಡದ ಗಾಳಿಮರಗಳ ತುದಿ ಯಾವ ಕಡೆಗೆ ಬಾಗಿದೆ ಎಂಬುದನ್ನು ನೋಡಿದರೆ ಗಾಳಿ ತಿರುಗಿದ್ದು ಆ್ಯಪ್‌ಗಿಂತ ಮೊದಲೇ ತಿಳಿಯುತ್ತದೆ.

ಐದನೆಯ ಹಂತ: ಉಬ್ಬರವಿಳಿತದ ಸಮಯ ಬರೆದುಕೊಳ್ಳಿ

ಮಂಗಳೂರು ಬಂದರಿನ ಉಬ್ಬರವಿಳಿತದ ಪಟ್ಟಿ ಸಸಿಹಿತ್ಲುವಿಗೂ ಸಾಕಾಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಸ್ಥಿತಿ ಬರುವುದು ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಒಡೆಯುವುದರಿಂದ, ಸಣ್ಣ ಅಲೆಯ ದಿನ ಉಬ್ಬರದಲ್ಲಿ ನೀರೊಳಗಿನ ಮರಳದಿಬ್ಬದ ಮೇಲೆ ಒಡೆಯದೆ ನೇರ ದಡಕ್ಕೇ ಬಂದು ಅಪ್ಪಳಿಸುತ್ತದೆ; ಇಳಿತದಲ್ಲಿ ದಿಬ್ಬದ ಮೇಲೆಯೇ ಒಡೆದು ಸವಾರಿಗೆ ಸಿಗುತ್ತದೆ.

ಸಸಿಹಿತ್ಲುವಿನಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ. ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಅಳಿವೆಬಾಗಿಲು ಪಕ್ಕದಲ್ಲೇ ಇದೆ. ಬೇಸಿಗೆಯಲ್ಲಿ ನದಿಯ ಹರಿವು ಬತ್ತಿದ್ದರೂ, ಉಬ್ಬರದಲ್ಲಿ ಒಳಗೆ ನುಗ್ಗಿದ ನೀರೆಲ್ಲ ಇಳಿತದ ಹೊತ್ತಿಗೆ ಆ ಕಿರಿದಾದ ಬಾಯಿಯಿಂದಲೇ ಹೊರಗೆ ಹೋಗಬೇಕು. ಅಲೆ ಎಷ್ಟೇ ಚಿಕ್ಕದಿರಲಿ, ಇಳಿತದ ನಡುಗಾಲದಲ್ಲಿ ಅಳಿವೆಯ ಹತ್ತಿರ ಈಜಬಾರದು. ಮುನ್ನೋಟದಲ್ಲಿ ಈ ಸಮಯವನ್ನು ಕೆಂಪು ಶಾಯಿಯಲ್ಲೇ ಬರೆಯಿರಿ.

ಆರನೆಯ ಹಂತ: ಆಕಾಶ

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯ ಮೋಡಗಳು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಕಟ್ಟಿ ಸಂಜೆಗೆ ಕಡಲಿನತ್ತ ಸರಿಯುತ್ತವೆ. ಕಡಲಿಗೆ ಮುಖ ಮಾಡಿ ನಿಂತವರ ಬೆನ್ನ ಹಿಂದಿನಿಂದ ಅವು ಬರುವುದರಿಂದ ಆಗಾಗ ತಿರುಗಿ ಮೂಡಣದ ಕಡೆ ನೋಡಬೇಕು. ಗುಡುಗು ಕೇಳಿಸಿದರೆ ನೀರಿನಿಂದ ಹೊರಬಂದು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವ ತನಕ ಇಳಿಯಬಾರದು. ಸೆಕೆಯ ಮಟ್ಟಿಗೆ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತ ವಾಯುಭಾರ ಕುಸಿತದ ಸುದ್ದಿಯಿದ್ದರೆ ಉಳಿದೆಲ್ಲ ಲೆಕ್ಕ ಬದಿಗಿಡಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಗೆ ಸಮಾಂತರವಾಗಿ ಗುಜರಾತಿನತ್ತ ಹೋಗುವಾಗ, ನಮ್ಮಲ್ಲಿ ಭೂಮಿಗೆ ಅಪ್ಪಳಿಸದೆಯೂ ಉಳ್ಳಾಲದ ಕಡೆ ದಡವನ್ನು ಕೊರೆದುಹಾಕಿತು.

ಏಳನೆಯ ಹಂತ: ಕಿನಾರೆಯಲ್ಲಿ ನಿಂತು ತಾಳೆ ನೋಡಿ

ಕಾಗದದ ಮೇಲಿನ ಲೆಕ್ಕ ಮುಗಿದ ಮೇಲೆ ದಡಕ್ಕೆ ಹೋಗಿ, ನೀರಿಗೆ ಇಳಿಯುವ ಮೊದಲು ಕನಿಷ್ಠ ಇಪ್ಪತ್ತು ನಿಮಿಷ ನೋಡುತ್ತ ನಿಲ್ಲಿ. ದೂರದ ಅಲೆಗಳು ಗುಂಪಾಗಿ ಬರುತ್ತವೆ: ನಾಲ್ಕಾರು ದೊಡ್ಡ ಅಲೆ, ಮತ್ತೆ ಹತ್ತು ನಿಮಿಷವೋ ಹೆಚ್ಚೋ ಬರಿಯ ಮಿಸುಕಾಟ. ಆ ಬಿಡುವಿನಲ್ಲಿ ಬಂದವರು ಕಡಲು ಶಾಂತವಾಗಿದೆ ಎಂದು ಮೋಸಹೋಗುತ್ತಾರೆ. ಒಣ ಮರಳಿನಲ್ಲಿ ಎಲ್ಲಿಯವರೆಗೆ ಹಸಿ ಗೆರೆ ಮೂಡಿದೆ ಎಂದು ಗುರುತಿಸಿದರೆ ಹಿಂದಿನ ದೊಡ್ಡ ಅಲೆ ಎಷ್ಟು ಮೇಲೆ ಬಂದಿತ್ತು ಎಂಬುದು ಗೊತ್ತಾಗುತ್ತದೆ. ಚಪ್ಪಲಿ, ಚೀಲ, ಮಕ್ಕಳು ಆ ಗೆರೆಗಿಂತ ಸಾಕಷ್ಟು ಹಿಂದೆ ಇರಲಿ.

ಸೆಳವನ್ನೂ ಈಗಲೇ ಹುಡುಕಿ. ಎರಡು ಕಡೆ ಅಲೆ ಒಡೆದು ಬೆಳ್ಳಗೆ ನೊರೆಯೆದ್ದಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಒಡೆಯದೆ ಕಪ್ಪಗೆ, ಮೇಲ್ಮೈ ಸಣ್ಣಗೆ ಸುಕ್ಕುಗಟ್ಟಿದಂತೆ ಕಂಡರೆ, ದಡಕ್ಕೆ ಬಂದ ನೀರು ಅಲ್ಲಿಂದ ಹಿಂದಿರುಗುತ್ತಿದೆ ಎಂದರ್ಥ. ಕಲಕಿದ ಮರಳು, ನೊರೆಯ ತುಣುಕುಗಳು ಆ ಪಟ್ಟಿಯಲ್ಲಿ ಕಡಲಿನ ಕಡೆಗೆ ಸಾಗುವುದನ್ನು ಕಾಣಬಹುದು. ಅಲೆಯಿಲ್ಲದ ಜಾಗವೆಂದು ಪ್ರವಾಸಿಗರು ಆರಿಸಿಕೊಳ್ಳುವುದು ಅದನ್ನೇ, ಮತ್ತು ಇದು ನನಗೆ ತೀರ ನೋವಿನ ಸಂಗತಿ. ಸೆಳವಿಗೆ ಸಿಕ್ಕಿದವರು ಅದರ ಎದುರು ಈಜಿ ದಣಿಯದೆ, ತೇಲುತ್ತ, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಸರಿದು ನೊರೆಯಿರುವ ಕಡೆಯಿಂದ ಹಿಂದಿರುಗಬೇಕು.

ಬರೆಯುವ ರೀತಿ

ದಿನಕ್ಕೆ ನಾಲ್ಕು ಸಾಲು ಸಾಕು. ಮಾದರಿಗೆ: “ಶನಿವಾರ. ಸ್ವೆಲ್ ನೈಋತ್ಯದಿಂದ 0.6 ಮೀಟರ್, 15 ಸೆಕೆಂಡು, ಭಾನುವಾರಕ್ಕೆ ಏರಿಕೆ. ಬೆಳಿಗ್ಗೆ ಒಂಬತ್ತರವರೆಗೆ ನೆಲದ ಗಾಳಿ, ಮಧ್ಯಾಹ್ನ ವಾಯವ್ಯ ಗಾಳಿ ಜೋರು. ಇಳಿತ ಬೆಳಿಗ್ಗೆ ಏಳಕ್ಕೆ, ಅದಕ್ಕೂ ಮೊದಲ ಮೂರು ಗಂಟೆ ಅಳಿವೆಯಿಂದ ದೂರ. ಸಂಜೆ ಗುಡುಗು ಸಾಧ್ಯತೆ. ಕಲಿಯುವವರಿಗೆ ಏಳರಿಂದ ಒಂಬತ್ತು, ತರಬೇತುದಾರರ ಜೊತೆ ಮಾತ್ರ.”

ಪ್ರತಿ ಸಾಲಿನ ಮೇಲೆ ಎಷ್ಟು ನಂಬಿಕೆ ಇಡಬಹುದು ಎಂಬುದೂ ಬೇರೆ ಬೇರೆ. ಸ್ವೆಲ್ ಆಗಲೇ ಹುಟ್ಟಿ ದಾರಿಯಲ್ಲಿರುವುದರಿಂದ ಅದರ ಅಂದಾಜು ನಾಲ್ಕೈದು ದಿನ ಮೊದಲೇ ಸಾಕಷ್ಟು ಸರಿಯಾಗಿರುತ್ತದೆ, ಗಾಳಿಯದ್ದು ಎರಡು ದಿನದ ಮಟ್ಟಿಗೆ, ಗುಡುಗುಮಳೆಯದ್ದು ಕೆಲವೇ ಗಂಟೆಗಳಿಗೆ. ಪ್ರತಿ ಸಂಜೆ ಮುನ್ನೋಟದ ಪಕ್ಕದಲ್ಲಿ ಕಂಡದ್ದನ್ನೂ ಬರೆಯುತ್ತ ಹೋದರೆ, ನಿಮ್ಮ ಕಿನಾರೆ ಯಾವ ದಿಕ್ಕಿನ ಅಲೆಗೆ ಕೋಷ್ಟಕಕ್ಕಿಂತ ಹೆಚ್ಚು ಏಳುತ್ತದೆ, ಯಾವುದಕ್ಕೆ ಕಡಿಮೆ ಎಂಬ ತಿದ್ದುಪಡಿ ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ.

ಮೇ ಮೂರನೆಯ ವಾರದ ಹೊತ್ತಿಗೆ ಪುಸ್ತಕದ ಅಂಕಿಗಳೇ ಬದಲಾಗತೊಡಗುತ್ತವೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ಸಸಿಹಿತ್ಲುವಿನಲ್ಲಿ ನಡೆದದ್ದು ಮೇ ಕೊನೆಯಲ್ಲಿ. ನುರಿತವರಿಗೆ ಬೇಕಾದ ಅಲೆ ಏಳುವುದು ಆಗಲೇ. ಅದಾದ ಕೆಲವೇ ದಿನಗಳಲ್ಲಿ ಮುಂಗಾರು ಕಾಲಿಡುತ್ತದೆ, ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಯೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಲಿಯುವವರಿಗಾಗಲಿ ಈಜುವವರಿಗಾಗಲಿ ಬೆಳಗು ಸಂಜೆಯ ಭೇದವಿಲ್ಲದೆ ಒಂದೇ ಸಾಲು ಬರೆಯಬೇಕು: ನೀರಿಗೆ ಇಳಿಯಬೇಡಿ.