ಏರ್ ಪಿಸ್ತೂಲಿಗೆ ಹಲಸಿನ ಮರದ ಬಟ್

ಎರಡು ವರ್ಷದ ಹಿಂದೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ಬಲ ಮಾತ್ರ ಮೊದಲಿನಂತೆ ಬರಲಿಲ್ಲ. ಕೈ ಚಾಚಿ ಏರ್ ಪಿಸ್ತೂಲ್ ಹಿಡಿದರೆ ಮುಂದಿನ ಸೈಟ್ (ನಳಿಗೆ ತುದಿಯ ಗುರಿಕಡ್ಡಿ) ಗಾಳಿಗೆ ಸಿಕ್ಕ ಬಾಳೆ ಎಲೆ ಥರ ಆಡುತ್ತಿತ್ತು. 10 ಮೀಟರ್ ಪಿಸ್ತೂಲ್ ಸ್ಪರ್ಧೆಯ ಗುರಿಹಾಳೆಯಲ್ಲಿ ನಡುವಿನ ಹತ್ತರ ವೃತ್ತ ಬರೀ 11.5 ಮಿ.ಮೀ. ಅಗಲ. ನನಗೆ ಹಾಳೆಗೆ ತಾಗಿದರೇ ದೊಡ್ಡದು ಎನ್ನುವಂತಾಗಿತ್ತು.

ಸ್ಪರ್ಧೆಯಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಬಟ್ (ಭುಜಕ್ಕೆ ಆನಿಸುವ ಹಿಂಬದಿಯ ಮರ) ಹಾಕುವಂತಿಲ್ಲ. ನಾನು ಸ್ಪರ್ಧೆಗೆ ಹೋಗುವವನಲ್ಲ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ, ಕಾಫಿ ಒಣಗಿಸುವ ಕಣದ ಮೂಲೆಯೇ ನನ್ನ ರೇಂಜ್. ನಾನೊಂದು ಬಟ್ ಮಾಡಿಕೊಂಡರೆ ಯಾರಿಗೇನು ನಷ್ಟ, ಅಲ್ವಾ?

ನನ್ನದು .177 ಇಂಚು ಅಳತೆಯ ನಳಿಗೆಯ ಸ್ಪ್ರಿಂಗ್ ಪಿಸ್ತೂಲ್, ನಳಿಗೆ ಮಡಚಿ ಪೆಲೆಟ್ (ಸಣ್ಣ ಗುಂಡು) ತುಂಬುವಂಥದ್ದು. ಹೊಡೆತದ ಶಕ್ತಿ 20 ಜೂಲ್ ಒಳಗಿರುವ ಈ ಅಳತೆಯ ಏರ್‌ಗನ್‌ಗೆ ಲೈಸೆನ್ಸ್ ಬೇಕಿಲ್ಲ. ನಿಜವಾದ ಪಿಸ್ತೂಲಿಗೆ ಇಂಥ ಕೆಲಸ ಮಾಡಬೇಡಿ, ಅಲ್ಲಿನ ಕಾನೂನೇ ಬೇರೆ.

ಮೊದಲನೆಯ ಬಟ್ ಮಾಡಿದ್ದು ಸಿಲ್ವರ್ ಓಕ್‌ನಲ್ಲಿ. ತೋಟದಲ್ಲಿ ಬಿದ್ದಿತ್ತು, ಪುಕ್ಕಟೆ. ಹಿಡಿಯ ಎರಡು ಬದಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದೆ. ಅದೇ ತೂತುಗಳಲ್ಲಿ ಉದ್ದದ ಸ್ಕ್ರೂ ಹಾಕಿ ಮರವನ್ನು ಕಚ್ಚಿಸುವುದು ನನ್ನ ಲೆಕ್ಕ. ಪಿಸ್ತೂಲಿನ ಲೋಹಕ್ಕೆ ಒಂದು ಹೊಸ ತೂತೂ ಕೊರೆಯಲಿಲ್ಲ. ಗಾಳಿ ಒತ್ತುವ ಸಿಲಿಂಡರಿನ ಹತ್ತಿರ ಡ್ರಿಲ್ ಒಯ್ಯುವ ಧೈರ್ಯ ನನಗಿಲ್ಲ, ನಿಮಗೂ ಬೇಡ. ಎರಡನೇ ಸ್ಕ್ರೂ ಬಿಗಿದಾಗ ಮರ ಎಳೆಯುದ್ದಕ್ಕೂ ಸೀಳಿತು. ಪಕ್ಕದಲ್ಲೇ ಬಾಗಿಲು ರಿಪೇರಿ ಮಾಡುತ್ತಿದ್ದ ಆಚಾರ್ರು ನಕ್ಕರು. “ಸಾರ್, ಇದು ತೆಳ್ಳಗೆ ಕೊಯ್ದರೆ ನಿಲ್ಲಲ್ಲ. ಹಲಸು ತಗೊಳ್ಳಿ.”

ಹಳೇ ಕಿಟಕಿ ಚೌಕಟ್ಟಿನ ಹಲಸಿನ ತುಂಡು ಸಿಕ್ಕಿತು. ಚೆನ್ನಾಗಿ ಒಣಗಿದ್ದು, ಹಗುರ, ಅರಕ್ಕೂ ಸುಲಭವಾಗಿ ಬಗ್ಗುತ್ತದೆ. ಈ ಸಲ ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. ಹಿಡಿಯ ಬುಡದಿಂದ ಹೊರಟು, ಹಿಂದಕ್ಕೆ ಹೋಗುತ್ತಾ ಮೇಲೇರುವ ಆಕಾರ. ಹೆಬ್ಬೆರಳು ಆಡಲು ನಡುವೆ ಜಾಗ ಬಿಟ್ಟೆ. ಭುಜಕ್ಕೆ ತಾಗುವ ತುದಿಗೆ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿದೆ. ಅರ, ಮರಳು ಕಾಗದ, ಕೊನೆಗೆ ಮೂರು ಕೈ ಅಗಸೆ ಎಣ್ಣೆ. ನೋಡಲು ಚೆಂದವಿತ್ತು.

ಹೊಡೆದರೆ ಗುರಿ ಮೊದಲಿಗಿಂತ ಕೆಟ್ಟದು! ಕೈ ನಡುಗುತ್ತಿಲ್ಲ, ಆದರೂ ಪೆಲೆಟ್ ಎಡಕ್ಕೊಂದು ಬಲಕ್ಕೊಂದು. ಒಂದು ವಾರ ಮರವನ್ನೇ ಬೈದುಕೊಂಡೆ. ತಪ್ಪು ಇದ್ದದ್ದು ಅಳತೆಯಲ್ಲಿ.

ಟ್ರಿಗರಿನಿಂದ ಬಟ್‌ನ ತುದಿಗೆ ಸುಮಾರು 13 ಇಂಚು ಎನ್ನುವುದು ರೈಫಲ್ ಲೆಕ್ಕ. ನಾನು ಕಣ್ಣು ಮುಚ್ಚಿ ಅದನ್ನೇ ಇಟ್ಟಿದ್ದೆ. ನಳಿಗೆಯ ಮೇಲೆ ಸೈಟ್ ಇರುವ ರೈಫಲ್‌ನಲ್ಲಿ ಹಿಂದಿನ ಸೈಟ್ ಟ್ರಿಗರಿಗಿಂತ ಸಾಕಷ್ಟು ಮುಂದಿರುತ್ತದೆ. ಪಿಸ್ತೂಲಿನಲ್ಲಿ ಅದು ಹಿಡಿಯ ಮೇಲೆ, ತೀರಾ ಹಿಂದೆ. ಹಾಗಾಗಿ ಬಟ್ ಆನಿಸಿದ ಕೂಡಲೇ ಸೈಟ್ ಕಣ್ಣಿನ ಹತ್ತಿರಕ್ಕೆ ಬಂದುಬಿಟ್ಟಿತು. ಕೈ ಚಾಚಿದಾಗ ಕಿರಿದಾಗಿ ಕಾಣುತ್ತಿದ್ದ ಅದರ ಸೀಳು (ಇದರ ನಡುವೆ ಮುಂದಿನ ಸೈಟ್ ಕೂರಿಸಿ ಗುರಿ ಹಿಡಿಯುವುದು) ಈಗ ಮಸುಕು ಮಸುಕಾಗಿ, ಪೂರ್ತಿ ತೆರೆದ ಬಾಗಿಲಿನಂತೆ ಅಗಲ. ಮುಂದಿನ ಸೈಟ್ ಆ ಅಗಲದಲ್ಲಿ ಎಲ್ಲಿ ನಿಂತರೂ ‘ನಡುವೆ ಇದೆ’ ಅನ್ನಿಸುತ್ತದೆ. ಕೈಯ ಕಾಯಿಲೆಗೆ ಮದ್ದು ಹುಡುಕಿ ಕಣ್ಣಿಗೆ ಕಾಯಿಲೆ ತಂದಿದ್ದೆ.

ಬಟ್ ಇದ್ದದ್ದಕ್ಕಿಂತ ಒಂದೂವರೆ ಇಂಚು ಉದ್ದ ಮಾಡಿದೆ, ಹಿಂದೆ ಅದೇ ಹಲಸಿನ ತುಂಡು ಸೇರಿಸಿ. ಇನ್ನೂ ಉದ್ದ ಮಾಡಿದರೆ ತೋಳು ಚಾಚಿ ನಡುಕ ವಾಪಸ್ ಬರುತ್ತದೆ. ಉಳಿದದ್ದನ್ನು ಸೈಟ್‌ನಲ್ಲೇ ಸರಿಮಾಡಿದೆ. ಡಬ್ಬಿ ತಗಡಿನ ಎರಡು ಚೂರು ಕತ್ತರಿಸಿ, ಕಪ್ಪು ಬಳಿದು, ಸೀಳಿನ ಎರಡೂ ಬದಿಗೆ ಅಂಟಿಸಿ ಕಿರಿದು ಮಾಡಿದೆ. ಮೂರು ಸಲ ಕಿತ್ತು ಅಂಟಿಸಿದ್ದು. ಮುಂದಿನ ಸೈಟ್‌ನ ಎರಡೂ ಬದಿ ಕೂದಲೆಳೆಯಷ್ಟು ಬೆಳಕು ಸಮವಾಗಿ ಕಂಡಾಗ ನಿಲ್ಲಿಸಿದೆ. ಕೆನ್ನೆ ಪ್ರತಿ ಸಲ ಒಂದೇ ಕಡೆ ಕೂರಲಿ ಅಂತ ಬಟ್ ಮೇಲೆ ಚರ್ಮದ ದಪ್ಪ ಪಟ್ಟಿಯನ್ನೂ ಸುತ್ತಿದೆ. ಮುಖ ಇಷ್ಟು ಹತ್ತಿರ ಇರುವುದರಿಂದ ಕನ್ನಡಕ ಇಲ್ಲದೆ ಹೊಡೆಯುವುದೇ ಇಲ್ಲ. ಸ್ಪ್ರಿಂಗ್ ಪಿಸ್ತೂಲ್ ಒದೆಯುತ್ತದೆ.

ಈಗ 10 ಮೀಟರಿನಲ್ಲಿ ಐದು ಪೆಲೆಟ್ ಹೊಡೆದರೆ ನಾಲ್ಕನ್ನು ಹತ್ತು ರೂಪಾಯಿ ನಾಣ್ಯದಿಂದ ಮುಚ್ಚಬಹುದು. ಐದನೆಯದು ಅದರ ಇಷ್ಟ. ಗುರಿಯ ಹಿಂದೆ ಮರಳು ತುಂಬಿದ ಗೋಣಿಚೀಲ ಇದೆ. ಹಕ್ಕಿ, ಮಂಗದ ಕಡೆಗೆ ಇದನ್ನು ತಿರುಗಿಸುವುದಿಲ್ಲ. ‘ತೋಟದ ಮಂಗ ಓಡಿಸೋಕಾ?’ ಅಂತ ಕೇಳುವವರು ದಿನಕ್ಕೊಬ್ಬರು ಸಿಗುತ್ತಾರೆ.

ಪಕ್ಕದ ಮನೆಯವರು ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವವರು. ಅವರಿಗೆ ತೋರಿಸಿದೆ. ತಿರುಗಿಸಿ ನೋಡಿ, “ಇದು ಕೋವಿಯ ಮಗುವಾ?” ಅಂದರು. ಆಮೇಲೆ ಕೂತು ಇಪ್ಪತ್ತು ಪೆಲೆಟ್ ಖಾಲಿ ಮಾಡಿದರು.

ಒಂದು ತಲೆನೋವು ಉಳಿದಿದೆ. ಮಳೆಗಾಲದಲ್ಲಿ ಬಿಗಿಯಾಗಿ ಕೂತಿದ್ದ ಮರ ಫೆಬ್ರವರಿಯ ಒಣ ಹವೆಗೆ ಕುಗ್ಗಿ ಸಡಿಲವಾಯಿತು. ಸ್ಕ್ರೂ ಅರ್ಧ ಸುತ್ತು ತಿರುಗಿಸಿದ್ದೇನೆ. ಜೂನ್‌ನಲ್ಲಿ ಮತ್ತೆ ಬಿಚ್ಚಬೇಕೇನೋ.